ಕಾಲಿಂಚಿನ ಪಾದ: ಹೊಲಿಗೆ ಪಾಠದಲ್ಲಿ ಅಳತೆಗೂ ಜಾಗ ಬೇಕು

ಅಭ್ಯಾಸ ಬೋಧನೆಯ ವೀಕ್ಷಣಾ ಪುಸ್ತಕಗಳಲ್ಲಿ ಹೊಲಿಗೆ ಪಾಠಕ್ಕೆ ನಾವು ಬರೆಯುವ ಷರಾಗಳು ಬಹುಮಟ್ಟಿಗೆ ಒಂದೇ ರೀತಿ ಇರುತ್ತವೆ. 'ಹೊಲಿಗೆ ಅಂದವಾಗಿ ಮೂಡಿದೆ', 'ಮಕ್ಕಳು ಆಸಕ್ತಿಯಿಂದ ಭಾಗವಹಿಸಿದರು', 'ಇನ್ನಷ್ಟು ನೇರವಾಗಿ ಹೊಲಿಸಬಹುದಿತ್ತು'. ಗಣಿತದ ಪಾಠದಲ್ಲಿ ಉತ್ತರ ಅಂದವಾಗಿದೆ ಎಂದು ಯಾರೂ ಬರೆಯುವುದಿಲ್ಲ. ವಿಜ್ಞಾನದ ಪ್ರಯೋಗದಲ್ಲಿ ಅಳತೆ ಎಷ್ಟು ಬಂತು ಎಂದು ಕೇಳದೆ ಬಿಡುವುದಿಲ್ಲ. ಹೊಲಿಗೆಯ ಮಾತು ಬಂದಾಗ ಮಾತ್ರ ಮೇಲ್ವಿಚಾರಕರ ಕಣ್ಣೇ ಅಳತೆಗೋಲು.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊದಿಕೆ ಮಾಡುವ ಕ್ವಿಲ್ಟ್ ಪಾಠದಲ್ಲಿ, ಹೊಲಿಗೆ ಯಂತ್ರಕ್ಕೆ ಹಾಕುವ ಕಾಲಿಂಚಿನ ಪಾದವನ್ನು ಮಕ್ಕಳ ಕೈಗೆ ಕೊಡಲೇಬೇಕು. ಆದರೆ ಅದಿಲ್ಲದೆ ಹೊಲಿದು, ಅಳೆದು, ವ್ಯತ್ಯಾಸವನ್ನು ಅವರೇ ಕಂಡ ಮೇಲೆ ಕೊಡಬೇಕು. ಆ ಪಾಠವನ್ನು ನಾವು ನೋಡುವಾಗಲೂ ಕೈಯಲ್ಲಿ ಸ್ಕೇಲ್ ಇರಬೇಕು.

ಈ ಮಾತನ್ನು ಉರಿಗಾಂ ಸುತ್ತಿನ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಲು ಕಾರಣವಿದೆ. ಇಲ್ಲಿಯ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಸುಮಾರು 3,200 ಮೀಟರ್ ಆಳಕ್ಕೆ ಇಳಿದಿದ್ದ ಕೆಲಸ ನಿಂತ ಮೇಲೆ ಊರಿನ ದುಡಿಮೆ ಹಳಿಯ ಮೇಲೆ ಹೊರಟಿತು. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ ನಿಲ್ದಾಣಗಳಲ್ಲಿ ನಸುಕಿನಲ್ಲೇ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿನ ಕಡೆ ಹೋಗಿ, ರಾತ್ರಿ ಮನೆ ಸೇರುವ ಜನ ಸಾವಿರಾರು. ಅವರಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳೂ ಇದ್ದಾರೆ. ನಮ್ಮ ಪ್ರಶಿಕ್ಷಣಾರ್ಥಿಗಳು ಪಾಠ ಮಾಡಲು ನಿಲ್ಲುವುದು ಇಂಥ ಮನೆಗಳ ಮಕ್ಕಳ ಎದುರು. ಬಾಬಿನ್, ಟಾರ್ಗೆಟ್, ಆಲ್ಟ್ರೇಷನ್ ಎಂಬ ಪದಗಳು ಆ ಮಕ್ಕಳಿಗೆ ಪಠ್ಯಪುಸ್ತಕಕ್ಕೆ ಮುಂಚೆಯೇ ಕಿವಿಗೆ ಬಿದ್ದಿರುತ್ತವೆ. ಅಂಥ ತರಗತಿಯಲ್ಲಿ ಹೊಲಿಗೆಯನ್ನು 'ಅಂದ'ದ ವಿಷಯವಾಗಿ ಮುಗಿಸಿದರೆ, ಅಮ್ಮ ದಿನವಿಡೀ ಮಾಡುವ ಕೆಲಸದಲ್ಲಿ ಯೋಚನೆಯೇ ಇಲ್ಲ, ಅದು ಬರೀ ಕೈಯ ಕೆಲಸ ಎಂದು ಶಾಲೆಯೇ ಒಪ್ಪಿಕೊಂಡಂತಾಗುತ್ತದೆ.

ಕಾಲಿಂಚಿನ ಲೆಕ್ಕ

ರವಿಕೆ, ಲಂಗ ಹೊಲಿಯುವಾಗ ಮಾರ್ಜಿನ್ ಸ್ವಲ್ಪ ಹೆಚ್ಚು ಕಡಿಮೆಯಾದರೂ ಸರಿಮಾಡಿಕೊಳ್ಳಬಹುದು. ಮುಂದೆ ಬಿಚ್ಚಿ ಸಡಿಲ ಮಾಡಲಿ ಎಂದೇ ನಮ್ಮ ಟೈಲರುಗಳು ಒಳಗೆ ಬಟ್ಟೆ ಬಿಟ್ಟಿರುತ್ತಾರೆ. ತುಂಡು ಜೋಡಣೆಯಲ್ಲಿ ಆ ಸೌಲಭ್ಯವಿಲ್ಲ. ಅಲ್ಲಿ ಎಲ್ಲೆಡೆ ರೂಢಿಯಲ್ಲಿರುವ ಮಾರ್ಜಿನ್ ಕಾಲಿಂಚು, ಅಂದರೆ 6.35 ಮಿಲಿಮೀಟರ್. ಪ್ರತಿ ತುಂಡಿನ ನಾಲ್ಕೂ ಬದಿಯಲ್ಲಿ ಅಷ್ಟೇ ಬಟ್ಟೆ ಒಳಗೆ ಹೋಗಬೇಕು.

ಒಂದು ಲೆಕ್ಕ ನೋಡೋಣ. ಎರಡೂವರೆ ಇಂಚಿನ ಒಂಬತ್ತು ಚೌಕಗಳನ್ನು ಮೂರು ಸಾಲಾಗಿ ಜೋಡಿಸಿದರೆ ಒಂದು ಬ್ಲಾಕ್ ಆಗುತ್ತದೆ. ಒಂದು ಸಾಲಿಗೆ ಮೂರು ಚೌಕ, ಒಟ್ಟು ಏಳೂವರೆ ಇಂಚು. ನಡುವೆ ಎರಡು ಹೊಲಿಗೆ. ಒಂದೊಂದು ಹೊಲಿಗೆಯೂ ಎರಡೂ ಕಡೆಯಿಂದ ಕಾಲು ಕಾಲು, ಒಟ್ಟು ಅರ್ಧ ಇಂಚು ತಿನ್ನುತ್ತದೆ. ಉಳಿಯುವುದು ಆರೂವರೆ ಇಂಚು. ಹೊಲಿಯುವವರ ಕೈ ಪ್ರತಿ ಸಲವೂ 1/16 ಇಂಚು, ಅಂದರೆ ಸುಮಾರು ಒಂದೂವರೆ ಮಿಲಿಮೀಟರ್ ಒಳಕ್ಕೆ ಹೋಯಿತು ಎನ್ನಿ. ಆಗ ಒಂದೊಂದು ಹೊಲಿಗೆ 1/8 ಇಂಚು ಹೆಚ್ಚು ತಿನ್ನುತ್ತದೆ. ಎರಡು ಹೊಲಿಗೆಗೆ ಕಾಲಿಂಚು ಹೋಯಿತು, ಬ್ಲಾಕ್ ಆರೂಕಾಲು ಇಂಚಿಗೆ ಇಳಿಯಿತು. ಹದಿನಾರು ಚೌಕಗಳ ಉದ್ದನೆಯ ಸಾಲಾದರೆ ಹದಿನೈದು ಹೊಲಿಗೆ. ಕೊನೆಗೆ ಒಂದು ಪೂರ್ಣಾಂಕ ಏಳು ಎಂಟನೇ ಇಂಚು ಕಾಣೆಯಾಗಿರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ತಪ್ಪು ಕೊನೆಗೆ ಎರಡು ಬೆರಳಿನಗಲ ಆಗಿರುತ್ತದೆ.

ಭಿನ್ನರಾಶಿಯ ಗುಣಾಕಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ರೊಟ್ಟಿಯನ್ನು ಎಂಟು ಪಾಲು ಮಾಡುವ ಉದಾಹರಣೆಯಲ್ಲಿ ತಪ್ಪು ಮಾಡಿದರೆ ಏನೂ ಆಗುವುದಿಲ್ಲ. ಇಲ್ಲಿ ತಪ್ಪಿದರೆ ಬಟ್ಟೆ ಕೂಡುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಒಬ್ಬರೇ ಕೂತು ಇಡೀ ಹೊದಿಕೆ ಹೊಲಿದರೆ ಅವರ ತಪ್ಪು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಬ್ಲಾಕುಗಳೆಲ್ಲ ಆರೂಕಾಲು ಇಂಚಾದರೂ ಒಂದಕ್ಕೊಂದು ಕೂಡುತ್ತವೆ, ಹೊದಿಕೆ ಸ್ವಲ್ಪ ಚಿಕ್ಕದಾಗುತ್ತದೆ ಅಷ್ಟೆ. ತರಗತಿಯಲ್ಲಿ ಹಾಗಲ್ಲ. ಮೂವತ್ತಾರು ಮಕ್ಕಳು ಮೂವತ್ತಾರು ಬ್ಲಾಕ್ ಹೊಲಿಯುತ್ತಾರೆ. ಒಬ್ಬಳದು ಆರೂಕಾಲು, ಪಕ್ಕದವನದು ಆರೂಮುಕ್ಕಾಲು. ಎರಡನ್ನೂ ಸೇರಿಸಲು ಹೋದಾಗ ಅಂಚು ಸುಕ್ಕಾಗುತ್ತದೆ, ಮೂಲೆ ಮೂಲೆಗೆ ಸೇರುವುದಿಲ್ಲ. ಬೇರೆ ಬೇರೆ ಕೈಗಳ ಕೆಲಸ ಒಂದಾಗಬೇಕಾದಾಗ ಎಲ್ಲರೂ ಒಪ್ಪುವ ಒಂದು ಅಳತೆ ಬೇಕಾಗುತ್ತದೆ. ಮಾನಕ ಎಂಬ ಪದವನ್ನು ನಾವು ಅಳತೆಯ ಪಾಠದಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಅದರ ಅಗತ್ಯ ಮಕ್ಕಳಿಗೆ ತಟ್ಟುವುದು ಇಂಥ ಗಳಿಗೆಯಲ್ಲಿ.

ಪಾದಗಳು ಮಾಡುವ ಕೆಲಸ

ಟೈಲರುಗಳು 'ಫೂಟ್' ಎನ್ನುವ ಭಾಗವನ್ನೇ ಇಲ್ಲಿ ಪಾದ ಎನ್ನುತ್ತಿದ್ದೇನೆ. ಬಟ್ಟೆಯನ್ನು ಕೆಳಗಿನ ಹಲ್ಲುಗಳ ಮೇಲೆ ಒತ್ತಿ ಹಿಡಿಯುವುದು ಅದರ ಕೆಲಸ. ಅಂಕುಡೊಂಕು ಹೊಲಿಗೆಯೂ ಬರುವ ಈಚಿನ ಯಂತ್ರಗಳ ಮಾಮೂಲಿ ಪಾದ ಅಗಲವಾಗಿರುತ್ತದೆ. ಸೂಜಿಯಿಂದ ಅದರ ಬಲ ಅಂಚಿಗೆ ಕಾಲಿಂಚಿಗಿಂತ ಹೆಚ್ಚು ದೂರ. ಹಳೆಯ ಕಪ್ಪು ತಲೆಯ ತುಳಿಯುವ ಯಂತ್ರಗಳಲ್ಲಿ ಪಾದ ಕಿರಿದು, ಆ ದೂರ ಯಂತ್ರದಿಂದ ಯಂತ್ರಕ್ಕೆ ಬೇರೆ. ಆದ್ದರಿಂದ 'ಪಾದದ ಅಂಚಿಗೆ ಬಟ್ಟೆಯ ಅಂಚು ಇಟ್ಟು ಹೊಲಿಯಿರಿ' ಎಂಬ ಸೂಚನೆ ಒಂದೊಂದು ಶಾಲೆಯಲ್ಲಿ ಒಂದೊಂದು ಅಳತೆ ಕೊಡುತ್ತದೆ.

ಕಾಲಿಂಚಿನ ಪಾದದಲ್ಲಿ ಸೂಜಿ ಇಳಿಯುವ ಜಾಗದಿಂದ ಬಲ ಅಂಚಿಗೆ ಸರಿಯಾಗಿ ಕಾಲಿಂಚು ಇರುತ್ತದೆ. ಕೆಲವು ಪಾದಗಳ ಬಲಕ್ಕೆ ಒಂದು ಸಣ್ಣ ತಗಡಿನ ಗೋಡೆಯೂ ಇರುತ್ತದೆ. ಬಟ್ಟೆಯ ಅಂಚನ್ನು ಆ ಗೋಡೆಗೆ ತಾಗಿಸಿಕೊಂಡು ಹೋದರೆ ಸಾಕು. ಸೂಜಿಯ ಹಿಂದೆ ಮುಂದೆ ಕಾಲಿಂಚಿನ ಗುರುತುಗಳೂ ಇರುವುದುಂಟು. ಎಲ್ಲಿ ಹೊಲಿಗೆ ನಿಲ್ಲಿಸಬೇಕು, ಎಲ್ಲಿ ತಿರುಗಬೇಕು ಎಂದು ತಿಳಿಯಲು ಅವು ಸಹಾಯಕ. ಕೆಲವು ನೂರು ರೂಪಾಯಿಗೆ ಸಿಗುವ ವಸ್ತು ಇದು. ಕೊಳ್ಳುವ ಮೊದಲು ಯಂತ್ರ ಲೋ ಶ್ಯಾಂಕ್ ಹೌದೇ ಎಂದು ನೋಡಿಕೊಳ್ಳಬೇಕು. ಮನೆಬಳಕೆಯ ಬಹುಪಾಲು ಯಂತ್ರಗಳು ಅದೇ. ಗಾರ್ಮೆಂಟ್ಸ್ ಯಂತ್ರದ ಫೂಟ್ ಶಾಲೆಯ ಯಂತ್ರಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ.

ಎರಡನೆಯದು ನಡೆಯುವ ಪಾದ, ಅಂಗಡಿಯವರ ಮಾತಿನಲ್ಲಿ ವಾಕಿಂಗ್ ಫೂಟ್. ಇದರ ಬೆಲೆ ಹೆಚ್ಚು, ಗಾತ್ರವೂ ದೊಡ್ಡದು. ತುಂಡು ಜೋಡಿಸುವಾಗ ಇದು ಬೇಕಾಗಿಲ್ಲ. ಮೇಲಿನ ಜೋಡಣೆ, ನಡುವಿನ ಹತ್ತಿಯ ಪದರ, ಕೆಳಗಿನ ಬಟ್ಟೆ, ಈ ಮೂರನ್ನೂ ಸೇರಿಸಿ ಹೊಲಿಯುವಾಗ ಬೇಕು. ಯಂತ್ರದ ಹಲ್ಲುಗಳು ಎಳೆಯುವುದು ಕೆಳಗಿನ ಪದರವನ್ನು ಮಾತ್ರ. ಮೇಲಿನ ಪದರ ಪಾದದ ಒತ್ತಡಕ್ಕೆ ಹಿಂದೆ ಬೀಳುತ್ತದೆ, ಕೊನೆಗೆ ನೆರಿಗೆಯಾಗಿ ಗುಡ್ಡೆಯಾಗುತ್ತದೆ. ನಡೆಯುವ ಪಾದಕ್ಕೆ ತನ್ನದೇ ಹಲ್ಲುಗಳಿವೆ. ಅದರ ಪಕ್ಕದ ತೋಳು ಸೂಜಿಯ ಸ್ಕ್ರೂ ಮೇಲೆ ಕೂತು, ಸೂಜಿ ಏರಿಳಿದಂತೆ ತಾನೂ ಏರಿಳಿದು ಮೇಲಿನ ಪದರವನ್ನೂ ಅದೇ ವೇಗದಲ್ಲಿ ಎಳೆಯುತ್ತದೆ. ಹಳೆಯ ಯಂತ್ರಕ್ಕೆ ಹಾಕುವ ಮುನ್ನ ಆ ತೋಳು ಸ್ಕ್ರೂಗೆ ಸಿಗುತ್ತದೆಯೇ ಎಂದು ಕೈಚಕ್ರ ತಿರುಗಿಸಿ ನೋಡಬೇಕು.

ಪಾದ ಬದಲಿಸುವುದೂ ಪಾಠದ ಭಾಗವೇ. ವಿದ್ಯುತ್ ಯಂತ್ರವಾದರೆ ಸ್ವಿಚ್ ಆರಿಸಬೇಕು, ತುಳಿಯುವ ಯಂತ್ರವಾದರೆ ಕಾಲು ತೆಗೆದಿರಬೇಕು. ಸ್ಕ್ರೂ ಬಿಗಿಮಾಡಿ, ಕೈಚಕ್ರವನ್ನು ಒಂದು ಸುತ್ತು ನಿಧಾನವಾಗಿ ತಿರುಗಿಸಿ, ಸೂಜಿ ಎಲ್ಲೂ ತಾಗುತ್ತಿಲ್ಲ ಎಂದು ಖಾತ್ರಿಮಾಡಿಕೊಂಡ ಮೇಲೆಯೇ ಹೊಲಿಗೆ. ಕಾಲಿಂಚಿನ ಪಾದದಲ್ಲಿ ಸೂಜಿಯ ತೂತು ಸಾಮಾನ್ಯವಾಗಿ ಕಿರಿದು. ಯಂತ್ರ ಅಂಕುಡೊಂಕು ಹೊಲಿಗೆಗೆ ತಿರುಗಿಸಿದ್ದರೆ ಸೂಜಿ ಪಾದಕ್ಕೆ ಬಡಿದು ಮುರಿಯುತ್ತದೆ, ಮಕ್ಕಳ ಮುಖ ಹತ್ತಿರವೇ ಇರುತ್ತದೆ.

ಆಕ್ಷೇಪಗಳು

ಹಿರಿಯ ಸಹೋದ್ಯೋಗಿಗಳಿಂದ ನಾನು ಕೇಳುವ ಮೊದಲ ಆಕ್ಷೇಪ: ಮಕ್ಕಳಿಗೆ ಮೊದಲು ಕೈ ಕುದುರಬೇಕು, ಇಂಥ ಪಾದ ಕೊಟ್ಟರೆ ಅದು ಊರುಗೋಲಾಗುತ್ತದೆ. ಈ ಮಾತಿನ ಅರ್ಧವನ್ನು ನಾನು ಒಪ್ಪುತ್ತೇನೆ. ಮೊದಲ ದಿನವೇ ಪಾದ ಹಾಕಿ ಕೊಟ್ಟರೆ ಮಗು ಕಲಿಯುವುದು ಬಟ್ಟೆಯನ್ನು ತಗಡಿನ ಗೋಡೆಗೆ ತಾಗಿಸುವುದನ್ನು ಮಾತ್ರ. ಆದರೆ ಕೊಡುವುದೇ ಬೇಡ ಎಂಬ ವಾದ ನಿಲ್ಲುವುದಿಲ್ಲ. ಕಂಪಾಸಿನಲ್ಲಿ ವೃತ್ತ ಎಳೆಯಲು ಕೊಡುವಾಗ ಕೈಯಲ್ಲೇ ದುಂಡಗೆ ಬರೆಯುವುದು ಕುದುರಲಿ ಎಂದು ನಾವು ಕಾಯುವುದಿಲ್ಲ. ಕೇಂದ್ರ, ತ್ರಿಜ್ಯ ಎಂದರೇನು ಎಂದು ತಿಳಿಸಿ ಕಂಪಾಸು ಕೊಡುತ್ತೇವೆ. ಇಲ್ಲಿಯೂ ಅದೇ ಕ್ರಮ ಸಾಕು.

ಎರಡನೆಯ ಆಕ್ಷೇಪ ಬಂದದ್ದು ಸಹೋದ್ಯೋಗಿಗಳಿಂದಲ್ಲ. ಅಭ್ಯಾಸ ಬೋಧನೆಯ ಸಮಯದಲ್ಲಿ ಮಗಳ ಹೊಲಿಗೆ ನೋಡಲು ಬಂದಿದ್ದ ಒಬ್ಬ ತಾಯಿ, ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದವರು, ಮೇಜಿನ ಮೇಲಿದ್ದ ಕಾಲಿಂಚಿನ ಪಾದವನ್ನು ಕೈಯಲ್ಲಿ ಹಿಡಿದು ನೋಡಿ ಹೇಳಿದರು: "ನಮ್ಮ ಲೈನಲ್ಲಿ ಗೈಡ್ ಹಾಕೇ ಕೊಡ್ತಾರೆ ಮಿಸ್. ಅಳತೆ ನಾವು ನೋಡಲ್ಲ, ಅದೇ ನೋಡ್ಕೊಳ್ಳುತ್ತೆ. ನಾವು ಪೀಸ್ ಎಣಿಸೋದು ಅಷ್ಟೆ."

ಅವರು ದೂರುತ್ತಿರಲಿಲ್ಲ, ಇದ್ದದ್ದು ಹೇಳಿದರು. ಆದರೆ ಶಿಕ್ಷಕ ಶಿಕ್ಷಣದಲ್ಲಿರುವ ನಾವು ಆ ಮಾತನ್ನು ಹಾಗೇ ಬಿಡಲಾಗದು. ಸಾಧನ ಅಳತೆಯನ್ನು ತಾನೇ ನೋಡಿಕೊಂಡರೆ ಕೆಲಸ ಬೇಗ ಆಗುತ್ತದೆ, ತಪ್ಪು ಕಡಿಮೆಯಾಗುತ್ತದೆ. ಕಾರ್ಖಾನೆಗೆ ಅದು ಬೇಕು. ಶಾಲೆಗೆ ಬೇಕಾಗಿರುವುದು ಬೇರೆ. ಪಾದ ಹೇಳುವ ಅಳತೆ ಸರಿಯೇ ಎಂದು ಪರೀಕ್ಷಿಸಬಲ್ಲ ಮಗು ಬೇಕು. ಒಂದೇ ಪಾದ ಎರಡೂ ಕಡೆ ಇರಬಹುದು. ಅಳೆಯುವ ಕೆಲಸ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದರಲ್ಲಿ ಶಾಲೆಗೂ ಕಾರ್ಖಾನೆಗೂ ವ್ಯತ್ಯಾಸವಿದೆ. ನಮ್ಮ ಪಾಠ ಯೋಜನೆಯಲ್ಲಿ ಅಳೆಯುವ ಹಂತ ಇಲ್ಲದಿದ್ದರೆ ಆ ವ್ಯತ್ಯಾಸವೇ ಇಲ್ಲವಾಗುತ್ತದೆ.

ಮೂರನೆಯ ಆಕ್ಷೇಪ ಸಂಪ್ರದಾಯದ ಕಡೆಯಿಂದ ಬರುತ್ತದೆ. ಉತ್ತರ ಕರ್ನಾಟಕದ ಕೌದಿ, ನಮ್ಮ ಕಡೆಯ ಬೊಂತೆ ಇವೆಲ್ಲ ಯಾವ ಪಾದ, ಯಾವ ಇಂಚು ಇಲ್ಲದೆಯೇ ತಲೆಮಾರುಗಳಿಂದ ಬಂದಿಲ್ಲವೇ? ಬಂದಿವೆ, ಸೊಗಸಾಗಿಯೇ ಬಂದಿವೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರ ಕವಂದಿಯನ್ನು ನೋಡಿ. ಅಂಚಿನಿಂದ ಶುರುಮಾಡಿ ಒಳಕ್ಕೆ ಸುತ್ತಿಕೊಂಡು ಬರುತ್ತಾರೆ, ಕೈಯಲ್ಲೇ ಸಾಲುಹೊಲಿಗೆ ಹಾಕುತ್ತಾ ಹೋಗುತ್ತಾರೆ. ಮುಂದಿನ ತುಂಡು ಎಷ್ಟು ದೊಡ್ಡದಿರಬೇಕು ಎಂಬುದನ್ನು ಉಳಿದ ಜಾಗವೇ ಹೇಳುತ್ತದೆ. ತುಂಡುಗಳು ಒಂದರ ಪಕ್ಕ ಒಂದು ಸೇರುವ ಬದಲು ಒಂದರ ಮೇಲೊಂದು ಕೂರುತ್ತವೆ. ಅಲ್ಲಿ ಕಾಲಿಂಚಿನ ಲೆಕ್ಕದ ಅಗತ್ಯವೇ ಬೀಳುವುದಿಲ್ಲ.

ಅದು ಅಳತೆಯಿಲ್ಲದ ಕೆಲಸವಲ್ಲ, ಬೇರೆ ಬಗೆಯ ಅಳತೆಯ ಕೆಲಸ. ಒಂದೇ ಕೈ ಮೊದಲಿಂದ ಕೊನೆಯವರೆಗೆ ನಡೆಸುವ ವಿಧಾನಕ್ಕೆ ಅದು ಒಪ್ಪುತ್ತದೆ. ಮೂವತ್ತಾರು ಕೈ ಬೇರೆ ಬೇರೆ ಹೊಲಿದು ಕೊನೆಗೆ ಸೇರಿಸುವ ವಿಧಾನಕ್ಕೆ ಕಾಲಿಂಚು ಬೇಕು. ಎರಡನ್ನೂ ತರಗತಿಯಲ್ಲಿ ಎದುರುಬದುರು ಇಟ್ಟು, ಯಾವುದಕ್ಕೆ ಯಾಕೆ ಅಳತೆ ಬೇಕು ಎಂದು ಮಕ್ಕಳನ್ನೇ ಕೇಳಬಹುದು. ಪ್ರಶಿಕ್ಷಣಾರ್ಥಿಗೆ ಇದಕ್ಕಿಂತ ಒಳ್ಳೆಯ ಚಿಂತನಾ ಪ್ರಶ್ನೆ ಬೇಕೆ?

ನಾಲ್ಕು ಭಾಷೆಯ ತರಗತಿ

ಉರಿಗಾಂ, ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯ ತರಗತಿಗಳಲ್ಲಿ ಪಾಠದ ಭಾಷೆ ಯಾವುದಿದ್ದರೂ ಮಕ್ಕಳ ಮನೆಮಾತು ತಮಿಳು, ತೆಲುಗು, ಉರ್ದು, ಕನ್ನಡ ಯಾವುದೂ ಆಗಿರಬಹುದು. ಈ ಪಾಠಕ್ಕೆ ಅದು ತೊಡಕಲ್ಲ, ಅನುಕೂಲ. ಕನ್ನಡದಲ್ಲಿ 'ಕಾಲು' ಎಂದರೆ ದೇಹದ ಅಂಗವೂ ಹೌದು, ನಾಲ್ಕನೇ ಒಂದು ಭಾಗವೂ ಹೌದು. ತಮಿಳಿನ 'ಕಾಲ್' ಪದಕ್ಕೂ ಇವೇ ಎರಡು ಅರ್ಥ. ಸಂಸ್ಕೃತದ 'ಪಾದ' ಕೂಡ ಹೆಜ್ಜೆಯಿಡುವ ಪಾದ ಮತ್ತು ನಾಲ್ಕನೇ ಒಂದು ಭಾಗ ಎರಡನ್ನೂ ಹೇಳುತ್ತದೆ. ತೆಲುಗಿನ 'ಪಾವು', ಉರ್ದುವಿನ 'ಪಾವ್' ಅದರಿಂದಲೇ ಬಂದ ಕಾಲುಭಾಗದ ಹೆಸರುಗಳು; ಉರ್ದುವಿನಲ್ಲಿ ಕಾಲಿಗೆ ಹೇಳುವ 'ಪಾಂವ್' ಕೂಡ ಅದೇ ಬೇರಿನದು.

ಹಾಗಾಗಿ 'ಕಾಲಿಂಚಿನ ಕಾಲು' ಎಂದು ಕಪ್ಪುಹಲಗೆಯ ಮೇಲೆ ಬರೆದು, ನಿಮ್ಮ ಮನೆಯಲ್ಲಿ ಇದಕ್ಕೆ ಏನನ್ನುತ್ತೀರಿ ಎಂದು ಕೇಳಿದರೆ ತರಗತಿಯ ಪ್ರತಿ ಮಗುವಿಗೂ ಹೇಳಲು ಏನಾದರೂ ಇರುತ್ತದೆ. ನಾಲ್ಕು ಕಾಲಿನ ಪ್ರಾಣಿಯ ಒಂದು ಕಾಲು ನಾಲ್ಕನೇ ಒಂದು ಭಾಗ ಎಂದು ಮಕ್ಕಳೇ ವಿವರಣೆ ಕಟ್ಟುತ್ತಾರೆ. ಪೀಠಿಕೆಗೆ ಬೇರೆ ಚಿತ್ರಪಟ ಬೇಕಾಗುವುದಿಲ್ಲ.

ಎಂಟು ಅವಧಿಗಳ ಒಂದು ಕ್ರಮ

ಆರು ಅಥವಾ ಏಳನೇ ತರಗತಿ, ಮೂವತ್ತಾರು ಮಕ್ಕಳು, ಎರಡು ಯಂತ್ರ ಎಂದು ಇಟ್ಟುಕೊಳ್ಳೋಣ. ಇದು ನಮ್ಮ ಬಹುತೇಕ ಅಭ್ಯಾಸ ಶಾಲೆಗಳಲ್ಲಿ ಹೊಂದಿಸಬಹುದಾದ ಏರ್ಪಾಡು. ಹುಡುಗರನ್ನು ಮೈದಾನಕ್ಕೆ ಕಳಿಸಿ ಹುಡುಗಿಯರಿಗೆ ಮಾತ್ರ ಹೊಲಿಗೆ ಎಂಬ ಪದ್ಧತಿ ಇಲ್ಲಿ ಬೇಡ. ಭಿನ್ನರಾಶಿ ಇಬ್ಬರಿಗೂ ಬೇಕು, ಗುಂಡಿ ಕಿತ್ತುಹೋಗುವುದು ಇಬ್ಬರದೂ.

ಮೊದಲ ಅವಧಿ ಯಂತ್ರದ ಪರಿಚಯ. ದಾರವಿಲ್ಲದ ಸೂಜಿಯಲ್ಲಿ ಗೆರೆ ಹಾಕಿದ ಕಾಗದದ ಮೇಲೆ ಹೊಲಿಸುವುದು. ತೂತುಗಳು ಗೆರೆಯ ಮೇಲೆ ಬಿದ್ದಿವೆಯೇ ಎಂದು ಮಕ್ಕಳೇ ನೋಡಿಕೊಳ್ಳುವುದು. ಇದು ಹೊಲಿಗೆ ಶಾಲೆಗಳ ಹಳೆಯ ಅಭ್ಯಾಸ, ಈಗಲೂ ಒಳ್ಳೆಯದು.

ಎರಡನೇ ಅವಧಿ ಮೂರು ಪಟ್ಟಿಯ ಪರೀಕ್ಷೆ. ಒಂದೂವರೆ ಇಂಚು ಅಗಲದ ಮೂರು ಪಟ್ಟಿಗಳನ್ನು ಮಾಮೂಲಿ ಪಾದದಲ್ಲೇ ಕಾಲಿಂಚಿನ ಅಂದಾಜಿನಲ್ಲಿ ಜೋಡಿಸಬೇಕು. ಗುಂಪಿಗೆ ಒಂದು ಮಾದರಿ ಸಾಕು. ಇಸ್ತ್ರಿ ಮಾಡಿ ಅಳೆದರೆ ನಡುವಿನ ಪಟ್ಟಿ ಸರಿಯಾಗಿ ಒಂದು ಇಂಚು, ಇಡೀ ಜೋಡಣೆ ಮೂರೂವರೆ ಇಂಚು ಬರಬೇಕು. ಬರುವುದಿಲ್ಲ. ಒಂದು ಗುಂಪಿಗೆ 22 ಮಿಲಿಮೀಟರ್, ಇನ್ನೊಂದಕ್ಕೆ 29 ಬರಬಹುದು. ಎಲ್ಲ ಅಂಕಿಗಳನ್ನೂ ಕಪ್ಪುಹಲಗೆಯ ಮೇಲೆ ಬರೆಯಬೇಕು, ಯಾರದು ಚೆನ್ನಾಗಿದೆ ಎನ್ನಬಾರದು. ನಡುವಿನ ಪಟ್ಟಿಯೇ ಏಕೆ? ಅದರ ಎರಡೂ ಬದಿಯಲ್ಲಿ ಹೊಲಿಗೆ ಇದೆ, ತಪ್ಪು ಅಲ್ಲಿ ಇಮ್ಮಡಿಯಾಗಿ ಕಾಣುತ್ತದೆ. ಇದನ್ನು ಮಕ್ಕಳಿಂದಲೇ ಹೇಳಿಸಬೇಕು.

ಮೂರನೇ ಅವಧಿಯಲ್ಲಿ ಪರಿಹಾರವನ್ನು ಅವರೇ ಹುಡುಕಲಿ. ಸೂಜಿಯನ್ನು ಇಳಿಸಿ, ಅದರಿಂದ ಕಾಲಿಂಚು ಬಲಕ್ಕೆ ಸ್ಕೇಲ್ ಇಟ್ಟು, ಅಲ್ಲಿ ಒಂದು ದಪ್ಪ ಟೇಪ್ ಅಂಟಿಸಿದರೆ ಅದೇ ಗೋಡೆ. ಪಾದ ಕೊಳ್ಳಲಾಗದ ಶಾಲೆಗೂ ಈ ಟೇಪ್ ಸಾಕಾಗುತ್ತದೆ. ಹಲ್ಲುಗಳ ಮೇಲೆ ಟೇಪ್ ಬರದಂತೆ ನೋಡಿಕೊಂಡರಾಯಿತು. ಮತ್ತೆ ಮೂರು ಪಟ್ಟಿ, ಮತ್ತೆ ಅಳತೆ.

ನಾಲ್ಕನೇ ಅವಧಿಯಲ್ಲಿ ಕಾಲಿಂಚಿನ ಪಾದ ಬರಲಿ. ಟೇಪ್ ಮಾಡುತ್ತಿದ್ದ ಕೆಲಸವನ್ನೇ ಇದು ಮಾಡುತ್ತದೆ ಎಂದು ಮಕ್ಕಳಿಗೆ ಹೇಳದೆಯೇ ತಿಳಿಯುತ್ತದೆ. ಈಗಲೂ ಮೂರು ಪಟ್ಟಿಯ ಪರೀಕ್ಷೆ ಬಿಡಬಾರದು. ಪಾದ ಹಾಕಿದ ಮೇಲೂ ನಡುವಿನ ಪಟ್ಟಿ ಒಂದು ಇಂಚಿಗಿಂತ ಕೂದಲೆಳೆಯಷ್ಟು ಕಡಿಮೆ ಬರಬಹುದು. ದಾರದ ದಪ್ಪವೂ ಬಟ್ಟೆ ಮಡಿಸುವ ತಿರುವೂ ಸ್ವಲ್ಪ ಜಾಗ ತಿನ್ನುತ್ತವೆ. ಅನುಭವಿಗಳು ಕಾಲಿಂಚಿಗಿಂತ ಒಂದೆರಡು ಎಳೆ ಈಚೆಗೇ ಹೊಲಿಯುವುದು ಇದೇ ಕಾರಣಕ್ಕೆ. ಬೇರೆ ಕಾರಣಗಳೂ ಇರಬಹುದು: ಪಟ್ಟಿಯನ್ನೇ ಸೊಟ್ಟ ಕತ್ತರಿಸಿರುವುದು, ಕೊನೆಯ ಅರ್ಧ ಇಂಚಿನಲ್ಲಿ ಕೈ ಸಡಿಲಿಸಿ ಹೊಲಿಗೆ ಬಾಗಿರುವುದು, ಇಸ್ತ್ರಿಯನ್ನು ಒತ್ತುವ ಬದಲು ಎಳೆದಾಡಿ ಬಟ್ಟೆ ಹಿಗ್ಗಿರುವುದು. ಪಾದ ಸರಿಪಡಿಸುವುದು ಒಂದೇ ತಪ್ಪನ್ನು. ಉಳಿದದ್ದನ್ನು ಮಗುವೇ ಪತ್ತೆಹಚ್ಚಬೇಕು.

ಐದರಿಂದ ಏಳನೇ ಅವಧಿವರೆಗೆ ಬ್ಲಾಕ್ ಹೊಲಿಗೆ. ಎರಡು ಯಂತ್ರದಲ್ಲಿ ಇಬ್ಬರು ಹೊಲಿಯುವಾಗ ಉಳಿದವರು ಸುಮ್ಮನೆ ಕೂರಬೇಕಿಲ್ಲ. ಕತ್ತರಿಸುವವರು, ಗುರುತು ಹಾಕುವವರು, ಇಸ್ತ್ರಿ ಮಾಡುವವರು, ಅಳೆದು ಬರೆಯುವವರು ಎಂದು ಪಾಳಿ ಇರಲಿ, ಎಲ್ಲರೂ ಎಲ್ಲ ಕೆಲಸಕ್ಕೂ ತಿರುಗಲಿ. ಬಟ್ಟೆಗೆ ಖರ್ಚಿಲ್ಲ; ಟೈಲರ್ ಅಂಗಡಿಗಳ ಕಟ್ ಪೀಸುಗಳು ಸಾಕು, ಹತ್ತಿ ಬಟ್ಟೆಯನ್ನು ಮಾತ್ರ ಆರಿಸಿಕೊಳ್ಳಬೇಕು. ಹೊಲಿಗೆ ಇಂಚಿಗೆ ಹತ್ತರಿಂದ ಹನ್ನೆರಡು ಬರುವಂತೆ ಯಂತ್ರ ಹೊಂದಿಸಿದರೆ ಸರಿ. ನಿಧಾನವಾಗಿ ಹೊಲಿಯುವ ಮಕ್ಕಳಿಗೆ ಮಧ್ಯಾಹ್ನದ ಬಿಡುವಿನಲ್ಲಿ ಯಂತ್ರ ತೆರೆದಿಟ್ಟರೆ ಯಾರೂ ಹಿಂದುಳಿಯುವುದಿಲ್ಲ.

ಎಂಟನೇ ಅವಧಿ ಜೋಡಣೆ. ಮೂವತ್ತಾರು ಬ್ಲಾಕುಗಳನ್ನು ಆರಾರು ಸಾಲಾಗಿ ನೆಲದ ಮೇಲೆ ಹರಡಿದರೆ, ಪ್ರತಿ ಬ್ಲಾಕ್ ಆರೂವರೆ ಇಂಚು ಬಂದಿದ್ದರೆ, ಮುಗಿದ ಹೊದಿಕೆ ಸುಮಾರು ಮೂರು ಅಡಿ ಚೌಕ. ಅಂಗನವಾಡಿಯ ಒಂದು ಮಗುವಿಗೆ ಹೊದೆಯಲು ಆಗುತ್ತದೆ. ಸಾಲುಗಳನ್ನು ಸೇರಿಸುವ ಉದ್ದ ಹೊಲಿಗೆಯನ್ನೂ ಮೂರು ಪದರ ಸೇರಿಸುವ ಕೆಲಸವನ್ನೂ ಪ್ರಶಿಕ್ಷಣಾರ್ಥಿ ಆಸಕ್ತ ಮಕ್ಕಳೊಂದಿಗೆ ಶನಿವಾರ ಮುಗಿಸಬಹುದು. ನಡೆಯುವ ಪಾದ ಕಾಲೇಜಿನಲ್ಲಿ ಒಂದಿದ್ದರೆ ಸಾಕು, ಶಾಲೆಯಿಂದ ಶಾಲೆಗೆ ಹೋಗಲಿ. ಇಲ್ಲದಿದ್ದರೆ ಪದರಗಳನ್ನು ಕೈಯಲ್ಲೇ ಸಾಲುಹೊಲಿಗೆ ಹಾಕಿ ಸೇರಿಸಬಹುದು. ಅಲ್ಲಿ ನಮ್ಮ ಕೌದಿಯವರೇ ಗುರುಗಳು.

ವೀಕ್ಷಣಾ ನಮೂನೆಯಲ್ಲಿ ಆಗಬೇಕಾದ್ದು

1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮೂಲಶಿಕ್ಷಣವನ್ನು ಮುಂದಿಟ್ಟಾಗ, ಕಸುಬು ಪಾಠದ ಪಕ್ಕದಲ್ಲಿರುವ ಬಿಡುವಿನ ಚಟುವಟಿಕೆಯಾಗಿರಲಿಲ್ಲ. ಅದರ ಮೂಲಕವೇ ಉಳಿದದ್ದನ್ನು ಕಲಿಸಬೇಕೆಂಬುದು ಅಲ್ಲಿಯ ಆಶಯ. 1964–66ರ ಕೊಠಾರಿ ಆಯೋಗ ಕಾರ್ಯಾನುಭವ ಎಂದಿತು, 1977ರ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂದಿತು, 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಗೆ ಚೀಲವಿಲ್ಲದ ಹತ್ತು ದಿನಗಳ ಮಾತಾಡಿತು. ಹೆಸರು ಬದಲಾದಷ್ಟು ನಮ್ಮ ಅಂಕಪಟ್ಟಿ ಬದಲಾಗಿಲ್ಲ. ಕೌಶಲ ಎಂಬ ಉದ್ದೇಶದ ಕೆಳಗೆ ಪ್ರಶಿಕ್ಷಣಾರ್ಥಿ ಇಂದಿಗೂ 'ವಿದ್ಯಾರ್ಥಿಯು ಅಂದವಾಗಿ ಹೊಲಿಯುವನು' ಎಂದೇ ಬರೆಯುತ್ತಾನೆ, ನಾವು ಸರಿಗುರುತು ಹಾಕುತ್ತೇವೆ.

ನನ್ನ ಸಲಹೆಗಳು ಮೂರು. ಒಂದು, ಹೊಲಿಗೆ ಪಾಠದ ಉದ್ದೇಶದಲ್ಲಿ ಅಂಕಿ ಇರಬೇಕು. 'ಮೂರು ಪಟ್ಟಿಯ ಜೋಡಣೆಯಲ್ಲಿ ನಡುವಿನ ಪಟ್ಟಿಯನ್ನು 24ರಿಂದ 27 ಮಿಲಿಮೀಟರ್ ಒಳಗೆ ತರುವರು' ಎಂದು ಬರೆದರೆ, ಉದ್ದೇಶ ಈಡೇರಿತೋ ಇಲ್ಲವೋ ಎಂಬ ಬಗ್ಗೆ ಮೇಲ್ವಿಚಾರಕರಿಗೂ ಪ್ರಶಿಕ್ಷಣಾರ್ಥಿಗೂ ಜಗಳವಿರುವುದಿಲ್ಲ. ಪಾದ ಹಾಕುವ ಮುನ್ನಿನ ಪಾಠಕ್ಕೆ ಈ ಅಂತರ ಇನ್ನೂ ದೊಡ್ಡದಿರಲಿ.

ಎರಡು, ಪಾಠ ಯೋಜನೆಯ ಜೊತೆ ಪ್ರಶಿಕ್ಷಣಾರ್ಥಿ ತಾನೇ ಹೊಲಿದ ಎರಡು ಮಾದರಿ ಲಗತ್ತಿಸಬೇಕು: ಪಾದವಿಲ್ಲದ್ದು ಒಂದು, ಪಾದ ಹಾಕಿದ್ದು ಒಂದು, ಎರಡರ ಅಳತೆಯನ್ನೂ ಪಕ್ಕದಲ್ಲಿ ಬರೆದು. ಹೊಲಿಗೆ ಬಾರದವರು ಕಲಿತೇ ಹೋಗಲಿ. ಒಂದು ವಾರದ ಸಂಜೆಗಳು ಸಾಕು. ಸೂಕ್ಷ್ಮ ಬೋಧನೆಯಲ್ಲಿ ಪ್ರಾತ್ಯಕ್ಷಿಕೆ ಕೌಶಲಕ್ಕೆ ಇದೇ ವಿಷಯ ಕೊಡಬಹುದು.

ಮೂರು, ಅಂಕ ಕೊಡುವಾಗ ಕೊನೆಯ ಮಾದರಿಯ ಅಂದವನ್ನು ನೋಡದೆ ತರಗತಿಯ ಅಳತೆಯ ಕೋಷ್ಟಕವನ್ನು ನೋಡಬೇಕು. ಮೊದಲ ಸಲ ಅಂಕಿಗಳು ಎಷ್ಟು ಚದುರಿದ್ದವು, ಟೇಪ್ ಹಾಕಿದಾಗ ಎಷ್ಟು, ಪಾದ ಹಾಕಿದಾಗ ಎಷ್ಟು? ಹತ್ತಿರ ಹತ್ತಿರ ಬಂದಿದ್ದರೆ ಪಾಠ ಆಗಿದೆ. ಬಾರದಿದ್ದರೂ, ಏಕೆ ಬರಲಿಲ್ಲ ಎಂದು ಒಂದು ಮಗು ಕಾರಣ ಹೇಳಬಲ್ಲದಾದರೆ ಆಗಲೂ ಪಾಠ ಆಗಿದೆ. ಬಟ್ಟೆಯನ್ನು ಪ್ರಶಿಕ್ಷಣಾರ್ಥಿಯೇ ಹಿಂದಿನ ರಾತ್ರಿ ಹೊಲಿದು ತಂದು ತೋರಿಸುವ ಅಂದದ ಪ್ರದರ್ಶನಕ್ಕೆ ಈ ಕೋಷ್ಟಕದಲ್ಲಿ ಜಾಗವಿಲ್ಲ.

ಇಲ್ಲಿಯ ಮಕ್ಕಳಲ್ಲಿ ಕೆಲವರು ಮುಂದೆ ಅದೇ ರೈಲು ಹತ್ತಿ ಅದೇ ಯಂತ್ರಗಳ ಮುಂದೆ ಕೂರಬಹುದು, ಕೆಲವರು ಕೂರಲಾರರು. ಅದನ್ನು ನಿರ್ಧರಿಸುವುದು ನಮ್ಮ ಕೈಯಲ್ಲಿಲ್ಲ. ಕೂತರೂ, ಗೈಡ್ ತೋರಿಸಿದ ಅಳತೆ ಸರಿಯೇ ಎಂದು ನೋಡಬಲ್ಲವರಾಗಿ ಕೂರುವಂತೆ ಮಾಡುವುದು ಮಾತ್ರ ಶಾಲೆಯ ಕೈಯಲ್ಲಿದೆ. ಮುಂದಿನ ಅಭ್ಯಾಸ ಬೋಧನೆಗೆ ಹೊರಡುವ ಪ್ರಶಿಕ್ಷಣಾರ್ಥಿಗಳು ಚೀಲದಲ್ಲಿ ಚಿತ್ರಪಟದ ಜೊತೆ ಒಂದು ಕಾಲಿಂಚಿನ ಪಾದ, ಒಂದು ಸ್ಕೇಲ್ ಇಟ್ಟುಕೊಳ್ಳಲಿ. ಪಾಠ ನೋಡಲು ಬರುವ ಮೇಲ್ವಿಚಾರಕರೂ ಒಂದು ಸ್ಕೇಲ್ ತರಲಿ.